ಬೆಳಕಿನ ಸಾಕ್ಷ್ಯ, ಮಣ್ಣಿನ ಸಾಕ್ಷ್ಯ

ಸೌರದೀಪ, ಮೊಬೈಲು, ವಿದ್ಯುತ್ ವಾಹನಗಳ ಒಡಲಲ್ಲಿ ಇಂದು ಲಿಥಿಯಂ ಬ್ಯಾಟರಿಯಿದೆ. ಹೊಗೆಯಿಲ್ಲದ ಶಕ್ತಿಯೆಂದು ಹೊಗಳುವವರೂ, ಅದೂ ಗಣಿಯ ಕೂಸೇ ಎಂದು ತೆಗಳುವವರೂ ನಮ್ಮ ನಡುವೆ ಇದ್ದಾರೆ. ಎರಡಕ್ಕೂ ಮೊದಲು ಅದರೊಳಗೆ ನಡೆಯುವುದನ್ನು ಅರಿಯುವುದು ಲೇಸು.

ಬ್ಯಾಟರಿಯ ಬೆಲೆ, ಬಾಳಿಕೆಗಳು ಬಹುಮಟ್ಟಿಗೆ ಅದರ ಕ್ಯಾಥೋಡನ್ನು ಅವಲಂಬಿಸಿವೆ. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡಿನಫ್ ಮತ್ತು ಸಂಗಡಿಗರು ಇದಕ್ಕೆ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಯೋಗ್ಯವೆಂದು ತೋರಿಸಿದರು. 1991ರಲ್ಲಿ ಸೋನಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ಈ ವಸ್ತುವಿನಲ್ಲಿ ಲಿಥಿಯಂ ಮತ್ತು ಕೋಬಾಲ್ಟ್ ಪರಮಾಣುಗಳು ಆಮ್ಲಜನಕದ ಹಾಳೆಗಳ ನಡುವೆ ಸರದಿಯಂತೆ ಪದರಗಟ್ಟಿರುತ್ತವೆ. ಚಾರ್ಜ್ ಮಾಡಿದಾಗ ಲಿಥಿಯಂ ಹೊರಡುತ್ತದೆ, ಬಳಸುವಾಗ ಮರಳುತ್ತದೆ. ಪದರ ಕೆಟ್ಟರೆ ಬ್ಯಾಟರಿ ಸೊರಗುತ್ತದೆ.

ಕಣ್ಣಿಗೆ ಕಾಣದ ಈ ಜೋಡಣೆಯನ್ನು ಓದುವ ವಿದ್ಯೆಯೇ ರೋಹಿತದರ್ಶನ. ವಸ್ತುವಿನ ಮೇಲೆ ಬಿದ್ದ ಬೆಳಕಿನ ಅತ್ಯಲ್ಪ ಭಾಗ ಪರಮಾಣುಗಳ ಕಂಪನದೊಡನೆ ಶಕ್ತಿ ವಿನಿಮಯ ಮಾಡಿಕೊಂಡು ಬಣ್ಣ ಬದಲಿಸಿ ಚದುರುತ್ತದೆ. 1928ರ ಫೆಬ್ರುವರಿ 28ರಂದು ಕಂಡುಕೊಂಡ ಈ ಪರಿಣಾಮಕ್ಕೆ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್ ಅವರ ಹೆಸರೇ ನಿಂತಿದೆ. ಪದರಗಟ್ಟಿದ ಕೋಬಾಲ್ಟ್ ಆಕ್ಸೈಡ್ ಪ್ರತಿ ಸೆಂಟಿಮೀಟರಿಗೆ 486 ಮತ್ತು 596 ಅಲೆಗಳ ಆಸುಪಾಸಿನಲ್ಲಿ ಎರಡು ರಾಮನ್ ರೇಖೆಗಳನ್ನು ತೋರುತ್ತದೆ. ಅದನ್ನೇ 400 ಡಿಗ್ರಿ ಸೆಲ್ಸಿಯಸ್‌ನ ತಗ್ಗಿದ ಉಷ್ಣದಲ್ಲಿ ತಯಾರಿಸಿದರೆ ಪರಮಾಣುಗಳ ಜೋಡಣೆಯೇ ಬೇರೆಯಾಗಿ ನಾಲ್ಕು ರೇಖೆಗಳು ಮೂಡುತ್ತವೆ. ಎಕ್ಸ್-ಕಿರಣ ವಿವರ್ತನೆಯಲ್ಲಿ ಬಹುತೇಕ ಒಂದೇ ತೆರನಾಗಿ ಕಾಣುವ ಈ ಎರಡನ್ನು ಬೆಳಕು ಹೀಗೆ ಬೇರ್ಪಡಿಸುತ್ತದೆ.

ಇದು ಪ್ರಯೋಗಶಾಲೆಯ ಕುತೂಹಲ ಮಾತ್ರವಲ್ಲ. ಬಳಸಿ ಬಿಟ್ಟ ಕ್ಯಾಥೋಡಿಗೆ ಲಿಥಿಯಂ ಮರಳಿ ತುಂಬಿದಾಗ ಮೂಲ ರಚನೆ ಕೂಡಿಕೊಂಡಿತೇ ಎಂದು ಪರೀಕ್ಷಿಸಲು ಇದೇ ವಿದ್ಯೆ ಬೇಕು. ಮರುಬಳಕೆ ಗೆದ್ದಷ್ಟು ಗಣಿಯ ಹಸಿವು ತಗ್ಗುತ್ತದೆ. ಗುಡಿನಫ್ ತಂಡವೇ 1997ರಲ್ಲಿ ಪ್ರಕಟಿಸಿದ ಕಬ್ಬಿಣದ ಫಾಸ್ಫೇಟ್ ಕ್ಯಾಥೋಡಿಗಂತೂ ಕೋಬಾಲ್ಟೇ ಬೇಡ.

ಆದರೆ ಬೆಳಕು ಹೇಳದ ಸಂಗತಿಯೂ ಉಂಟು. ಜಗತ್ತಿನ ಕೋಬಾಲ್ಟಿನ ಅರ್ಧಕ್ಕೂ ಹೆಚ್ಚು ಪಾಲು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ನೆಲದಿಂದ ಬರುತ್ತದೆ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಯಾವ ರೇಖೆಯೂ ಇದನ್ನು ತೋರಿಸದು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಸೀಮೆಯಲ್ಲಿ 1,600 ಟನ್ ಲಿಥಿಯಂ ಇದೆಯೆಂದು 2021ರಲ್ಲಿ ಸರ್ಕಾರ ಅಂದಾಜು ತಿಳಿಸಿತು. 2023ರಲ್ಲಿ ಜಮ್ಮುವಿನ ಗುಡ್ಡಗಾಡು ಜಿಲ್ಲೆ ರಿಯಾಸಿಯ ಸರದಿ ಬಂದಿತು. ಅಗೆಯುವ ಮುನ್ನ ಆ ನೆಲದವರನ್ನು ಕೇಳಬೇಕೆಂಬುದು ನಮ್ಮ ಖಚಿತ ನಿಲುವು.

2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹ, ಮರುಬಳಕೆಗಳ ಹೊಣೆಯನ್ನು ಉತ್ಪಾದಕರಿಗೆ ವಹಿಸಿವೆ. ಗ್ರಾಮಸ್ಥರು ಸತ್ತ ಬ್ಯಾಟರಿಯನ್ನು ಹಳ್ಳಕ್ಕೋ ಗೊಬ್ಬರಗುಂಡಿಗೋ ಎಸೆಯದೆ ಒಟ್ಟುಮಾಡಿ, ಆ ಹೊಣೆಯನ್ನು ನೆನಪಿಸಲಿ. ವಿದ್ಯಾರ್ಥಿಗಳು ಬೆಳಕಿನ ಸಾಕ್ಷ್ಯವನ್ನು ಓದುವುದರ ಜೊತೆಗೆ ಮಣ್ಣಿನ ಸಾಕ್ಷ್ಯವನ್ನೂ ಓದಲು ಕಲಿಯಲಿ. ಒಂದನ್ನು ಬಿಟ್ಟರೆ ಇನ್ನೊಂದರ ತೀರ್ಪು ಅಪೂರ್ಣ.