ಕ್ಲಬ್ ಕೊಂಡರೆ ಸಾಕೇ, ಕಲಿಸುವವರು ಬೇಡವೇ?



ನಮ್ಮೂರಲ್ಲಿ ಫುಟ್‌ಬಾಲ್ ಆಡೋರು ಕಡಿಮೆ. ಆದರೆ ಬೆಂಗಳೂರಿನಲ್ಲಿರುವ ನಮ್ಮ ಸೋದರಮಾವನಿಗೆ ಅದರ ಹುಚ್ಚು. ಅವರು ಹಬ್ಬಕ್ಕೆ ಬಂದಾಗಲೆಲ್ಲ ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಎಂಬ ಕ್ಲಬ್ಬಿನ ಕಥೆ ಹೇಳುತ್ತಾರೆ. ಕೇಳಿ ಕೇಳಿ ನನಗೂ ಒಂದು ಅಭಿಪ್ರಾಯ ಹುಟ್ಟಿದೆ. ದುಡ್ಡಿದ್ದವರು ಕ್ಲಬ್ ಕೊಳ್ಳಬಹುದು. ಆದರೆ ಮ್ಯಾನೇಜರನ್ನು ಹುಡುಕುವಾಗ ಹೆಸರು ನೋಡಬಾರದು, ಕೆಲಸ ನೋಡಬೇಕು. ತಂದ ಮೇಲೆ ಕಾಯಬೇಕು.

ಮ್ಯಾನೇಜರ್ ಅಂದರೆ ಬ್ಯಾಂಕಿನವರ ಥರ ಲೆಕ್ಕ ನೋಡೋರು ಅಂತ ನಾನು ಮೊದಲು ಅಂದುಕೊಂಡಿದ್ದೆ. ಹಾಗಲ್ಲವಂತೆ. ಅವರು ನಮ್ಮ ಪಿ.ಟಿ. ಮಾಸ್ತರ ಹಾಗೆ. ದಿನಾ ಅಭ್ಯಾಸ ಮಾಡಿಸುವುದು, 11 ಜನರನ್ನು ಆರಿಸುವುದು, ಯಾರು ಎಲ್ಲಿ ಆಡಬೇಕು ಅಂತ ಹೇಳುವುದು, ನಡುವೆ ಯಾರನ್ನು ಹೊರಗೆ ಕರೆಯಬೇಕು ಅನ್ನುವುದು, ಎಲ್ಲ ಅವರದೇ. ಗೆದ್ದರೆ ಆಟಗಾರರಿಗೆ ಹಾರ, ಸೋತರೆ ಮ್ಯಾನೇಜರಿಗೆ ಬೈಗುಳ.

ನ್ಯೂಕ್ಯಾಸಲ್ ಇಂಗ್ಲೆಂಡಿನ ಈಶಾನ್ಯದಲ್ಲಿ ಟೈನ್ ನದಿಯ ದಂಡೆಯ ಮೇಲಿದೆ. ಹಿಂದೆ ಕಲ್ಲಿದ್ದಲಿಗೂ ಹಡಗು ಕಟ್ಟುವುದಕ್ಕೂ ಹೆಸರಾದ ಊರು. ಅಲ್ಲಿಯ ಮೈದಾನದಲ್ಲಿ 52 ಸಾವಿರ ಜನ ಕೂರಬಹುದು. ಅಷ್ಟು ಜನ ಸೇರಿ ಕೂಗಿದರೂ 1955ರಲ್ಲಿ ಎಫ್.ಎ. ಕಪ್ ಗೆದ್ದ ಮೇಲೆ ಇಂಗ್ಲೆಂಡಿನ ದೊಡ್ಡ ಕಪ್ ಒಂದೂ ಅವರಿಗೆ ಸಿಕ್ಕಿರಲಿಲ್ಲ. 2007ರಿಂದ ಮೈಕ್ ಆಶ್ಲಿ ಎಂಬ ವ್ಯಾಪಾರಸ್ಥರು ಮಾಲೀಕರಾಗಿದ್ದರು. ಅವರ ಕಾಲದಲ್ಲಿ ತಂಡ ಎರಡು ಸಲ ಕೆಳಗಿನ ದರ್ಜೆಗೆ ಇಳಿದಿತ್ತು.

2021ರ ಅಕ್ಟೋಬರ್ 7ರಂದು ಕ್ಲಬ್ ಮಾರಾಟವಾಯಿತು. ಬೆಲೆ ಸುಮಾರು 30 ಕೋಟಿ ಪೌಂಡು. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ಕೋಟಿ ರೂಪಾಯಿ! 100ಕ್ಕೆ 80 ಪಾಲು ಕೊಂಡಿದ್ದು ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ. ಜನ ಮೈದಾನದ ಮುಂದೆ ಬಂದು ಕುಣಿದರು.

ಆದರೆ ತಂಡ ಆ ವರ್ಷ ಇನ್ನೂ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಆಗ ಮ್ಯಾನೇಜರ್ ಆಗಿದ್ದವರು ಸ್ಟೀವ್ ಬ್ರೂಸ್. ಅವರು ಅದೇ ಸೀಮೆಯವರು, ಚಿಕ್ಕಂದಿನಿಂದ ಇದೇ ಕ್ಲಬ್ಬಿನ ಅಭಿಮಾನಿ. ಅಕ್ಟೋಬರ್ 17ರಂದು ಟಾಟನ್‌ಹ್ಯಾಮ್ ಮೇಲೆ ನಡೆದದ್ದು ಮ್ಯಾನೇಜರ್ ಆಗಿ ಅವರ 1000ನೇ ಪಂದ್ಯ. 3-2ರಲ್ಲಿ ಸೋತರು. ತಮ್ಮ ಊರಿನ ಜನರೇ ಅವರನ್ನು ತೆಗೆಯಿರಿ ಅಂತ ಹಾಡು ಕಟ್ಟಿ ಕೂಗಿದರು. 20ರಂದು ಅವರು ಹೊರಟರು. ಗೆಲ್ಲದಿದ್ದಾಗ ಬದಲಾಯಿಸುವುದು ತಪ್ಪು ಅಂತ ನಾನು ಹೇಳಲ್ಲ. ಆದರೆ ಅವರ ಜಾಗಕ್ಕೆ ಯಾರು ಅಂತ ಹೊಸ ಮಾಲೀಕರು ಇನ್ನೂ ಗೊತ್ತು ಮಾಡಿರಲಿಲ್ಲ! ಸಹಾಯಕರಾಗಿದ್ದ ಗ್ರೇಮ್ ಜೋನ್ಸ್ ಮೂರು ಪಂದ್ಯ ನಡೆಸಿದರು. ಎರಡು ಡ್ರಾ, ಒಂದು ಸೋಲು. ಬಿತ್ತನೆ ಹೊತ್ತಿನಲ್ಲಿ ಇದ್ದ ಎತ್ತು ಮಾರಿ, ಆಮೇಲೆ ಸಂತೆಗೆ ಹೊರಟ ಹಾಗಾಯಿತು.

ಮಾಲೀಕರು ಮೊದಲು ಕಣ್ಣು ಹಾಕಿದ್ದು ಉನಾಯ್ ಎಮೆರಿ ಅವರ ಮೇಲೆ. ದೊಡ್ಡ ಹೆಸರು. ಅದೇ ವರ್ಷ ಸ್ಪೇನಿನ ವಿಯಾರಿಯಲ್ ತಂಡಕ್ಕೆ ಯುರೋಪಾ ಲೀಗ್ ಗೆದ್ದುಕೊಟ್ಟಿದ್ದವರು. ಅವರು ಬರಲ್ಲ ಅಂದುಬಿಟ್ಟರು. ನನಗೆ ಈ ಜಾಗ ಬಹಳ ಇಷ್ಟ. ಅಷ್ಟು ದುಡ್ಡು ಇಟ್ಟುಕೊಂಡು ಕರೆದರೂ ಒಬ್ಬರು ತಮ್ಮ ಹುಡುಗರನ್ನು ಬಿಟ್ಟು ಬರಲಿಲ್ಲ.

ನವೆಂಬರ್ 8ರಂದು ಎಡ್ಡಿ ಹೌ ಬಂದರು. ವಯಸ್ಸು 43. ಒಂದು ವರ್ಷದಿಂದ ಯಾವ ಕ್ಲಬ್ಬಿನಲ್ಲೂ ಇರಲಿಲ್ಲ. ಅವರ ಹಿಂದಿನ ತಂಡ ಬೋರ್ನ್‌ಮತ್ 2020ರಲ್ಲಿ ಕೆಳಗಿಳಿದಿತ್ತು. ತಂಡ ಇಳಿಸಿದವರು ಇಲ್ಲೇನು ಮಾಡ್ತಾರೆ ಅಂತ ಅನುಮಾನ ಪಟ್ಟವರೂ ಇದ್ದರು. ಆದರೆ ಅದೇ ಬೋರ್ನ್‌ಮತ್ ನಾಲ್ಕನೇ ದರ್ಜೆಯಲ್ಲಿ, 17 ಅಂಕ ದಂಡ ಹಾಕಿಸಿಕೊಂಡು ಮುಳುಗುತ್ತಿದ್ದಾಗ, 31ನೇ ವಯಸ್ಸಿನಲ್ಲಿ ಅದನ್ನು ಎತ್ತಿದವರು ಇವರೇ. 2015ರಲ್ಲಿ ಮೊದಲನೇ ದರ್ಜೆಗೆ ತಂದವರೂ ಇವರೇ. ಕೊನೆಯ ಒಂದು ವರ್ಷ ನೋಡಿ ಮನುಷ್ಯನನ್ನು ಅಳೆಯಬಾರದು.

ಬಂದ ಕೂಡಲೇ ಏನೂ ಆಗ್ಲಿಲ್ಲ. ಕೋವಿಡ್ ಬಂದು ಮೊದಲ ಪಂದ್ಯಕ್ಕೆ ಅವರು ಮೈದಾನಕ್ಕೇ ಬರಲು ಆಗಲಿಲ್ಲ. ಮೊದಲ ಗೆಲುವು ಸಿಕ್ಕಿದ್ದು ಡಿಸೆಂಬರ್ 4ರಂದು, ಬರ್ನ್‌ಲಿ ಮೇಲೆ, ಆ ವರ್ಷದ 15ನೇ ಪಂದ್ಯದಲ್ಲಿ. ಮೊದಲ 14 ಪಂದ್ಯ ಗೆಲ್ಲದ ತಂಡ ಪ್ರೀಮಿಯರ್ ಲೀಗಿನಲ್ಲಿ ಅಲ್ಲಿಯವರೆಗೆ ಉಳಿದದ್ದೇ ಇರಲಿಲ್ಲ. ಇವರು ಉಳಿದರು. 49 ಅಂಕ, 11ನೇ ಸ್ಥಾನ. ಮುಂದಿನ ವರ್ಷ 4ನೇ ಸ್ಥಾನ. 2025ರ ಮಾರ್ಚ್ 16ರಂದು ವೆಂಬ್ಲಿಯಲ್ಲಿ ಲಿವರ್‌ಪೂಲನ್ನು 2-1ರಿಂದ ಸೋಲಿಸಿ ಲೀಗ್ ಕಪ್ ಗೆದ್ದರು. 70 ವರ್ಷಗಳ ಕಾಯುವಿಕೆ ಮುಗಿಯಿತು. ಮಾವ ಫೋನಿನಲ್ಲಿ ಕೂಗಿದ್ದು ನಮ್ಮ ಅಜ್ಜಿಗೂ ಕೇಳಿಸಿತು.

“ದುಡ್ಡಿದ್ರೆ ಯಾರು ಬೇಕಾದ್ರೂ ಗೆಲ್ತಾರೆ ಬಿಡೋ” ಅಂತ ನನ್ನ ಬೆಂಚಿನ ಗೆಳೆಯ ಹೇಳುತ್ತಾನೆ. ದುಡ್ಡು ಬೇಕು, ಒಪ್ಪುತ್ತೇನೆ. 2022ರ ಜನವರಿಯಲ್ಲಿ ಅವರೂ ಐದು ಜನ ಹೊಸ ಆಟಗಾರರನ್ನು ತಂದರು. ಆದರೆ ಚೆಲ್ಸಿ ಕ್ಲಬ್ಬನ್ನು ನೋಡಿ. 2022ರ ಮೇ ತಿಂಗಳಲ್ಲಿ ಅಲ್ಲಿಗೂ ಹೊಸ ಮಾಲೀಕರು ಬಂದರು. ಹೊಸ ಆಟಗಾರರಿಗೆ ನ್ಯೂಕ್ಯಾಸಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಸುರಿದರು. ಸೆಪ್ಟೆಂಬರಿನಲ್ಲಿ ಥಾಮಸ್ ಟುಖೆಲ್ ಅವರನ್ನು ಕಳಿಸಿ ಗ್ರಹಾಂ ಪಾಟರ್ ಅವರನ್ನು ತಂದರು. ಏಪ್ರಿಲಿನಲ್ಲಿ ಅವರನ್ನೂ ಕಳಿಸಿದರು. ಸಿಕ್ಕಿದ್ದು 12ನೇ ಸ್ಥಾನ! ಸಸಿ ನೆಟ್ಟು ದಿನಾ ಕಿತ್ತು ಬೇರು ನೋಡಿದರೆ ಅದು ಚಿಗುರುತ್ತಾ?

ಇನ್ನೊಂದು ಉದಾಹರಣೆ ಜೊಯೆಲಿಂಟನ್. ಈ ಬ್ರೆಜಿಲ್ ಆಟಗಾರರನ್ನು ಹಳೆಯ ಮಾಲೀಕರೇ 2019ರಲ್ಲಿ ಗೋಲು ಹೊಡೆಯಲಿ ಅಂತ 4 ಕೋಟಿ ಪೌಂಡು ಕೊಟ್ಟು ತಂದಿದ್ದರು. ಅವರಿಂದ ಗೋಲು ಬರಲಿಲ್ಲ, ಜನ ನಗುತ್ತಿದ್ದರು. ಎಡ್ಡಿ ಹೌ ಅವರನ್ನು ಹಿಂದಕ್ಕೆ ತಂದು ಮೈದಾನದ ನಡುವೆ ಆಡಿಸಿದರು. ಆ ವರ್ಷ ಕ್ಲಬ್ಬಿನ ಅತ್ಯುತ್ತಮ ಆಟಗಾರ ಅವರೇ ಆದರು. ಇದನ್ನು ಯಾವ ಅಂಗಡಿಯಲ್ಲೂ ಕೊಳ್ಳೋಕೆ ಆಗಲ್ಲ.

ಇದನ್ನು ಕೇಳಿದಾಗ ನನಗೆ ನನ್ನದೇ ನೆನಪಾಯಿತು. ನಮ್ಮ ಹಳೆ ಪಿ.ಟಿ. ಸಾರ್ ವರ್ಗವಾಗಿ ಹೊಸ ಸಾರ್ ಬಂದಾಗ ನಾನು ಕಬಡ್ಡಿಯಲ್ಲಿ ರೈಡರ್ ಆಗಿದ್ದೆ. ಹೊಸ ಸಾರ್ ನನ್ನನ್ನು ಎಡಗಡೆ ಮೂಲೆಗೆ ಹಾಕಿದರು. ಮೂರು ದಿನ ಊಟ ರುಚಿಸಲಿಲ್ಲ. “ಹಳೆ ಸಾರೇ ಚೆನ್ನಾಗಿದ್ರು” ಅಂತ ಎಲ್ಲರ ಮುಂದೆ ಅಂದೆ. ಅದು ಅವರ ಕಿವಿಗೂ ಬಿತ್ತು. ಅವರು ಬೈಯಲಿಲ್ಲ. ಕಾಲು ಹಿಡಿಯೋದು ಹೇಗೆ ಅಂತ ಒಂದು ತಿಂಗಳು ಹೇಳಿಕೊಟ್ಟರು. ರೈಡ್ ಮಾಡೋ ಆಸೆ ನನಗೆ ಇನ್ನೂ ಇದೆ, ಸುಳ್ಳು ಹೇಳಲ್ಲ. ಆದರೆ ಅವತ್ತು ಹಾಗೆ ಅಂದಿದ್ದು ತಪ್ಪು. ಸಾರ್ ಇದನ್ನು ಓದುತ್ತಾರೆ ಅಂತ ಗೊತ್ತಿದ್ದೇ ಬರೆದಿದ್ದೇನೆ.

ಕೊನೆಗೆ ಒಂದು ಮಾತು. ಸೌದಿ ಸರ್ಕಾರ ತನ್ನನ್ನು ಟೀಕಿಸಿದವರನ್ನು ಜೈಲಿಗೆ ಹಾಕುತ್ತದೆ, ಆ ಹೆಸರು ತೊಳೆದುಕೊಳ್ಳೋಕೆ ಕ್ಲಬ್ ಕೊಂಡಿದೆ ಅಂತ ಆಮ್ನೆಸ್ಟಿ ಎಂಬ ಮಾನವ ಹಕ್ಕುಗಳ ಸಂಸ್ಥೆ ಹೇಳಿತು. ಕಪ್ ಗೆದ್ದ ಖುಷಿಯಲ್ಲಿ ಇದನ್ನು ಮರೆಯಬಾರದು. ಮ್ಯಾನೇಜರಿಗೆ ವಾರವಾರವೂ ಪರೀಕ್ಷೆ. ಮೂರು ಸಲ ಫೇಲಾದರೆ ಮನೆಗೆ ಕಳಿಸುತ್ತಾರೆ. ಮಾಲೀಕರಿಗೆ ಪರೀಕ್ಷೆ ಇಡುವವರು ಯಾರು? ಬ್ರೂಸ್ ಅವರನ್ನು ಅಷ್ಟು ಜೋರಾಗಿ ಪ್ರಶ್ನೆ ಮಾಡಿದ ಜನ ಮಾಲೀಕರನ್ನೂ ಪ್ರಶ್ನೆ ಮಾಡಬೇಕು ಅಂತ ನನ್ನ ಅಭಿಪ್ರಾಯ.

ಸ್ನೇಹಿತರೇ, ನಿಮಗೆ ಏನನಿಸುತ್ತೆ? ಒಪ್ಪದವರು ಮುಂದಿನ ಸಂಚಿಕೆಗೆ ಬರೆದುಕೊಡಿ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಇತಿ,
7ನೇ ತರಗತಿಯ ವಿದ್ಯಾರ್ಥಿ