ಮುಲಾಮಿನ ಬೆಲೆಯನ್ನು ಅಳೆಯುವ ಬಗೆ

ಕಳೆದ ಮಳೆಗಾಲದಲ್ಲಿ ನನ್ನ ಸೊಂಟದ ಬಳಿ, ಸುಮಾರು ಎರಡು ಅಂಗೈಗಳಷ್ಟು ಅಗಲಕ್ಕೆ ಗಜಕರ್ಣವು ಹರಡಿಕೊಂಡಿತು. ವೈದ್ಯರು ಶೇಕಡಾ 1ರ ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆರಡು ಬಾರಿಯಂತೆ ನಾಲ್ಕು ವಾರ ಹಚ್ಚಬೇಕೆಂದು ಬರೆದುಕೊಟ್ಟರು. ಔಷಧದ ಅಂಗಡಿಯವನು ಎರಡು ಟ್ಯೂಬುಗಳನ್ನು ಮುಂದಿರಿಸಿ, "ಇದು 60 ರೂಪಾಯಿ, ಅದು 90. ಕಡಿಮೆಯದೇ ಸಾಕಲ್ಲವೇ ಸಾರ್?" ಎಂದನು. ಮೊದಲನೆಯದರಲ್ಲಿದ್ದುದು 15 ಗ್ರಾಂ, ಎರಡನೆಯದರಲ್ಲಿ 30 ಗ್ರಾಂ.

ಭೌತವಿಜ್ಞಾನವನ್ನು ಬೋಧಿಸುವವನಿಗೆ ಏಕಮಾನವಿಲ್ಲದ ಸಂಖ್ಯೆಯನ್ನು ಕಂಡರೆ ಸಮಾಧಾನವಿರದು. ಗ್ರಾಮಿಗೆ ಲೆಕ್ಕ ಹಾಕಿದರೆ 'ಕಡಿಮೆಯದು' 4 ರೂಪಾಯಿ, 'ಹೆಚ್ಚಿನದು' 3 ರೂಪಾಯಿ. ನಮ್ಮ ಸರ್ಕಾರವೂ ಅವಶ್ಯಕ ಔಷಧಗಳ ಪಟ್ಟಿಯಲ್ಲಿರುವ ಈ ಮುಲಾಮಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸುವುದು ಗ್ರಾಮಿನ ಲೆಕ್ಕದಲ್ಲಿಯೇ. ಕೊಳ್ಳುವ ನಾವು ಮಾತ್ರ ಟ್ಯೂಬುಗಳನ್ನು ಎಣಿಸುತ್ತೇವೆ. ಹೆಸರಿನ ವ್ಯಾಮೋಹವು ಬೇರೆ. 30 ಗ್ರಾಂ ಟ್ಯೂಬಿನಲ್ಲಿರುವ ಔಷಧವು ಗ್ರಾಮಿನ ಹತ್ತರಲ್ಲಿ ಮೂರು ಪಾಲು ಮಾತ್ರ. ಉಳಿದುದೆಲ್ಲ ಅದನ್ನು ಹೊತ್ತುಕೊಂಡಿರುವ ಲೇಪ. ತಯಾರಕನ ಹೆಸರು ಯಾವುದೇ ಇರಲಿ, ಆ ಔಷಧದ ಅಣು ಒಂದೇ. ಜನೌಷಧಿ ಅಂಗಡಿಗಳಲ್ಲಿ ಇದೇ ವಸ್ತುವು ಬಹು ಸುಲಭದ ಬೆಲೆಗೆ ದೊರೆಯುವುದುಂಟು.

ಆದರೆ ಗ್ರಾಮಿನ ಬೆಲೆಯನ್ನು ಬಲ್ಲೆವೆಂದ ಮಾತ್ರಕ್ಕೆ ಲೆಕ್ಕವು ಮುಗಿಯಲಿಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಅದು ಎರಡು ಅಂಗೈಗಳಷ್ಟು ಚರ್ಮಕ್ಕೆ ಸಾಕಾಗುತ್ತದೆ. ಚರ್ಮವೈದ್ಯರು ಬಳಸುವ ಈ ಅಳತೆಯು ಎಷ್ಟು ಸೊಗಸಾದುದು! ತಕ್ಕಡಿಯೇ ಬೇಕಿಲ್ಲ. ಅದರಂತೆ ನನಗೆ ದಿನಕ್ಕೆ 1 ಗ್ರಾಂ, 28 ದಿನಗಳಿಗೆ 28 ಗ್ರಾಂ ಬೇಕು. 15 ಗ್ರಾಂ ಟ್ಯೂಬು ಹದಿನೈದನೆಯ ದಿನವೇ ಬರಿದಾಗುತ್ತದೆ. ಅಷ್ಟು ಹೊತ್ತಿಗೆ ನವೆಯೂ ಅಡಗಿರುತ್ತದೆ. ನವೆಯಿಲ್ಲ, ಮುಲಾಮೂ ಇಲ್ಲ. ಮತ್ತೆ ಅಂಗಡಿಗೆ ಹೋಗುವವರು ಯಾರು? ಚರ್ಮದ ಮೇಲ್ಪದರದಲ್ಲಿ ಉಳಿದ ಶಿಲೀಂಧ್ರವು ಮುಂದಿನ ತಿಂಗಳು ಮರಳಿ ಹಬ್ಬುತ್ತದೆ, ಕೆಲವೊಮ್ಮೆ ಮನೆಯವರೆಲ್ಲರಿಗೂ. ಆ 60 ರೂಪಾಯಿಯಿಂದ ನಾವು ಕೊಂಡುದು ಅರ್ಧ ಗುಣವನ್ನು.

ಇದಕ್ಕಿಂತಲೂ ಕೆಟ್ಟ ಅಗ್ಗವೊಂದಿದೆ. ಶಿಲೀಂಧ್ರನಾಶಕದೊಡನೆ ಕ್ಲೊಬೆಟಸಾಲ್‌ನಂತಹ ಪ್ರಬಲ ಸ್ಟಿರಾಯ್ಡನ್ನು ಬೆರೆಸಿದ ಮುಲಾಮುಗಳು ನವೆಯನ್ನು ಒಂದೆರಡು ದಿನಗಳಲ್ಲಿಯೇ ಅಡಗಿಸುತ್ತವೆ. ಸ್ಟಿರಾಯ್ಡು ಅಡಗಿಸುವುದು ದೇಹದ ಪ್ರತಿರೋಧವನ್ನು. ಶಿಲೀಂಧ್ರಕ್ಕೆ ಅದರಿಂದ ಅನುಕೂಲವೇ. ನನ್ನ ವಿದ್ಯಾರ್ಥಿಯೊಬ್ಬನು ತಿಂಗಳುಗಟ್ಟಲೆ ಇಂತಹುದನ್ನು ಹಚ್ಚಿಕೊಂಡು, ತೊಡೆಯ ಚರ್ಮವು ತೆಳುವಾಗಿ ಬಿರುಕಿನಂತಹ ಗೆರೆಗಳೆದ್ದ ಮೇಲೆ ವೈದ್ಯರ ಬಳಿಗೆ ಹೋದನು. ಆ ಗೆರೆಗಳು ಪೂರ್ತಿಯಾಗಿ ಮಾಯುವಂತಹವಲ್ಲ. ಚರ್ಮಕ್ಕೆ ಹಚ್ಚುವ ಇಂತಹ ಸ್ಟಿರಾಯ್ಡುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಸರ್ಕಾರವು 2018ರಲ್ಲಿಯೇ ವಿಧಿಸಿತು. ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಆ ವಿಧಿಯ ಗತಿ ತಿಳಿಯುತ್ತದೆ.

ಟರ್ಬಿನಾಫೈನ್ ಮುಲಾಮನ್ನು ಕ್ಲೋಟ್ರಿಮಜೋಲಿಗಿಂತ ಕಡಿಮೆ ದಿನ ಹಚ್ಚಿದರೆ ಸಾಕೆಂಬ ಕಾರಣದಿಂದ, ಗ್ರಾಮಿಗೆ ಬೆಲೆ ಹೆಚ್ಚಾದರೂ ಒಟ್ಟಿನಲ್ಲಿ ಅದೇ ಲಾಭವೆಂದು ವಾದಿಸಬಹುದು. ಆದರೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ನಾಮಕರಣಗೊಂಡ, ನಮ್ಮ ದೇಶದ ಹೆಸರನ್ನೇ ಹೊತ್ತ ಶಿಲೀಂಧ್ರದ ಅನೇಕ ತಳಿಗಳು ಆ ಔಷಧಕ್ಕೆ ಬಗ್ಗುವುದಿಲ್ಲ. ಆದುದರಿಂದ ಔಷಧದ ಆಯ್ಕೆಯು ವೈದ್ಯರದು. ಬೆಲೆಯ ಲೆಕ್ಕವು ಆ ಬಳಿಕದ್ದು.

ವೈದ್ಯರಲ್ಲಿ ನನ್ನದೊಂದು ವಿನಂತಿ. ಚೀಟಿಯಲ್ಲಿ ಮುಲಾಮಿನ ಹೆಸರು ಮತ್ತು ದಿನಗಳೊಡನೆ ಒಟ್ಟು ಎಷ್ಟು ಗ್ರಾಂ ಬೇಕೆಂಬುದನ್ನೂ ಬರೆಯಬೇಕು. ಒಂದು ಅಂಕಿಯನ್ನು ಬರೆಯಲು ಅರ್ಧ ನಿಮಿಷವೂ ಹಿಡಿಯದು. ಆಗ ರೋಗಿಯು ಅಂಗಡಿಯಲ್ಲಿ, "28 ಗ್ರಾಮಿಗೆ ಎಷ್ಟಾಗುತ್ತದೆ?" ಎಂದು ಕೇಳಬಲ್ಲನು.

ನಾನು 30 ಗ್ರಾಮಿನದನ್ನೇ ಕೊಂಡೆನು. ಇಪ್ಪತ್ತೆಂಟನೆಯ ದಿನ ಟ್ಯೂಬನ್ನು ಬಾಲದಿಂದ ಸುರುಳಿ ಸುತ್ತಿ ಹಿಂಡಿದಾಗ, ಇನ್ನೂ ಎರಡು ಮೂರು ಬಾರಿಗಾಗುವಷ್ಟು ಉಳಿದಿದ್ದಿತು.