ಜಿದ್ದು ಮಾರಾಟಕ್ಕಿಲ್ಲ: ಕಲ್ಕತ್ತಾದ ಎರಡು ಕ್ಲಬ್ಬುಗಳ ನೂರು ವರ್ಷದ ಕಥೆ

ಮೀನಿನ ದರ ಮಳೆಗಾಲದಲ್ಲಿ ಏರುತ್ತದೆ, ಹಬ್ಬಕ್ಕೆ ಏರುತ್ತದೆ, ಲಾರಿ ಮುಷ್ಕರವಾದರೂ ಏರುತ್ತದೆ. ಫುಟ್ಬಾಲ್ ಪಂದ್ಯ ಮುಗಿದ ಸಂಜೆ ದರ ಏರುವ ಊರೂ ಒಂದಿದೆ. ಅದು ಕಲ್ಕತ್ತಾ. ಅಲ್ಲಿ ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನಿಗೆ ಗಿರಾಕಿ ಜಾಸ್ತಿ. ಮೋಹನ್ ಬಗಾನ್ ಗೆದ್ದರೆ ಸಿಗಡಿಗೆ. ಗೆದ್ದವನ ಮನೆಯಲ್ಲಿ ಒಗ್ಗರಣೆ, ಸೋತವನ ಮನೆಯಲ್ಲಿ ಒಲೆಯೇ ಹತ್ತುವುದಿಲ್ಲ ಅಂತ ಅಲ್ಲಿನವರು ತಮಾಷೆ ಮಾಡ್ತಾರೆ. ತಮಾಷೆಯೇನೋ ಸರಿ. ಆದರೆ ಈ ಜಿದ್ದಿಗೆ ನೂರು ವರ್ಷ ದಾಟಿದೆ, ಅದರಲ್ಲಿ ಹೆಣಗಳೂ ಬಿದ್ದಿವೆ.

ಎಲ್ಲೋ ಕಲ್ಕತ್ತಾದ ಜಗಳ ನಮಗ್ಯಾಕೆ ಎಂದು ಯಾರಾದರೂ ಕೇಳಬಹುದು. ಕಾರಣ ಇದೆ. ಈ ಜಿದ್ದಿನಲ್ಲಿ ಬೆಂಗಳೂರಿನ ಹುಡುಗರ ಬೆವರಿದೆ, ಬೆಂಗಳೂರಿನ ಕಂಪನಿಗಳ ದುಡ್ಡೂ ಇದೆ. ಹುಡುಗರ ಹೆಸರು ಅಲ್ಲಿ ಉಳಿಯಿತು, ದುಡ್ಡು ವಾಪಸ್ ಬಂತು. ಯಾಕೆ ಹೀಗಾಯಿತು ಎಂಬುದೇ ಇಲ್ಲಿನ ಪ್ರಶ್ನೆ. ಊರಿನ ಜಿದ್ದು ಯಾರ ಸೊತ್ತು? ಕ್ಲಬ್ ಕೊಂಡವನದೋ, ಟಿಕೆಟ್ ಕೊಂಡವನದೋ?

ಒಬ್ಬ ಆಟಗಾರನನ್ನು ಕೈಬಿಟ್ಟದ್ದಕ್ಕೆ

ಮೋಹನ್ ಬಗಾನ್ ಹುಟ್ಟಿದ್ದು 1889ರಲ್ಲಿ, ಆಗಸ್ಟ್ 15ರಂದು. 1911ರ ಜುಲೈ 29ರಂದು ಈ ತಂಡ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿತು. ನಮ್ಮ ಹನ್ನೊಂದು ಜನರಲ್ಲಿ ಬೂಟು ಹಾಕಿದವನು ಒಬ್ಬನೇ, ಉಳಿದವರದೆಲ್ಲ ಬರಿಗಾಲು. ಎದುರಿಗೆ ಇದ್ದವರು ಬೂಟುಧಾರಿ ಸೋಲ್ಜರುಗಳು. ಅಂದಿನಿಂದ ಮೋಹನ್ ಬಗಾನ್ ಬರೀ ಕ್ಲಬ್ ಆಗಿ ಉಳಿಯಲಿಲ್ಲ, ದೇಶದ ಮಾನವೇ ಆಯಿತು.

ಇಲ್ಲೊಂದು ಸ್ವಾರಸ್ಯವಿದೆ. ಆ 1911ರ ತಂಡದ ಹಲವರ ಮೂಲ ಪೂರ್ವ ಬಂಗಾಳ. ಆಗಿನ್ನೂ ಆ ಭೇದ ಮೈದಾನಕ್ಕೆ ಇಳಿದಿರಲಿಲ್ಲ.

ಇಳಿದದ್ದು 1920ರಲ್ಲಿ. ಜುಲೈ 28ರಂದು ಕೂಚ್ ಬೆಹಾರ್ ಕಪ್‌ನಲ್ಲಿ ಮೋಹನ್ ಬಗಾನ್‌ಗೆ ಜೋಡಾಬಾಗಾನ್ ಎಂಬ ಕ್ಲಬ್ ಎದುರಾಳಿ. ಜೋಡಾಬಾಗಾನ್‌ನವರು ಶೈಲೇಶ್ ಬೋಸ್ ಎಂಬ ಆಟಗಾರನನ್ನು ತಂಡದಿಂದ ಕೈಬಿಟ್ಟರು. ಅದೇ ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿ ಯಾಕೆ ಅಂತ ಕೇಳಿದರು. ಸರಿಯಾದ ಉತ್ತರ ಬರಲಿಲ್ಲ. ಬೋಸ್ ಪೂರ್ವ ಬಂಗಾಳದವನೆಂಬುದೇ ಕಾರಣ ಎಂಬ ಮಾತು ಹಬ್ಬಿತು. ಚೌಧುರಿ ಕ್ಲಬ್ ಬಿಟ್ಟು ಹೊರಬಂದು, ನಾಲ್ಕೇ ದಿನದಲ್ಲಿ, ಆಗಸ್ಟ್ 1ರಂದು, ಹೊಸ ಕ್ಲಬ್ ಕಟ್ಟಿದರು. ಹೆಸರಿನಲ್ಲೇ ಜವಾಬು ಇತ್ತು: ಈಸ್ಟ್ ಬೆಂಗಾಲ್. ಅವಮಾನ ಮಾಡಿದ ಕ್ಲಬ್ ಬೇರೆ, ಮುಂದೆ ವೈರಿಯಾದ ಕ್ಲಬ್ ಬೇರೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಕಲ್ಕತ್ತಾ ಲೀಗಿನ ಮೊದಲ ಡಿವಿಜನ್‌ನಲ್ಲಿ ಆಗ ಎರಡಕ್ಕಿಂತ ಹೆಚ್ಚು ಭಾರತೀಯ ತಂಡಗಳಿಗೆ ಜಾಗವಿರಲಿಲ್ಲ. ಆ ಕಟ್ಟು ಸಡಿಲವಾದ ಮೇಲೆ ಈಸ್ಟ್ ಬೆಂಗಾಲ್ ಒಳಗೆ ಬಂತು. 1925ರ ಮೇ 28ರಂದು ಲೀಗಿನಲ್ಲಿ ಇಬ್ಬರೂ ಮೊದಲ ಸಲ ಎದುರುಬದುರಾದರು. ನೇಪಾಲ್ ಚಕ್ರವರ್ತಿ ಹೊಡೆದ ಒಂದೇ ಗೋಲಿನಿಂದ ಹೊಸಬರು ಗೆದ್ದರು. ಜಿದ್ದಿನ ಖಾತೆ ಅಂದು ತೆರೆಯಿತು.

ಮನೆ ಕಳೆದುಕೊಂಡವರ ಕ್ಲಬ್

1947ರಲ್ಲಿ ದೇಶ ಒಡೆಯಿತು. ಪೂರ್ವ ಬಂಗಾಳ ಪಾಕಿಸ್ತಾನವಾಯಿತು. ಲಕ್ಷಾಂತರ ಜನ ಗಂಟುಮೂಟೆ ಕಟ್ಟಿ ಕಲ್ಕತ್ತಾಕ್ಕೆ ಬಂದರು. ಬಾಡಿಗೆ ಮನೆ ಸಿಗದವರು ಜಾದವ್‌ಪುರದ ಕಡೆ ಖಾಲಿ ಜಾಗಗಳಲ್ಲಿ ಗುಡಿಸಲು ಹಾಕಿದರು. ಮಾತಿನ ಧಾಟಿ ಬೇರೆ, ಅಡುಗೆ ಬೇರೆ. ಹಳಬರು ಇವರನ್ನು 'ಬಾಂಗಾಲ್' ಎಂದು ಆಡಿಕೊಂಡರು, ಇವರು ಹಳಬರನ್ನು 'ಘೋಟಿ' ಎಂದು ಹಂಗಿಸಿದರು. ಊರು ಹೋಗಿತ್ತು, ಜಮೀನು ಹೋಗಿತ್ತು. ತಮ್ಮದು ಎಂದು ಹೇಳಿಕೊಳ್ಳಲು ಉಳಿದದ್ದು ಕೆಂಪು–ಹಳದಿ ಅಂಗಿಯ ಒಂದು ಕ್ಲಬ್ ಮಾತ್ರ. ವಾರವೆಲ್ಲ ಕೆಲಸಕ್ಕಾಗಿ ಅಲೆದು ಬೈಸಿಕೊಂಡವನು ಮೈದಾನದಲ್ಲಿ ತೊಂಬತ್ತು ನಿಮಿಷ ತಲೆ ಎತ್ತಿ ನಿಲ್ಲಬಹುದಿತ್ತು. ಈ ಜಿದ್ದಿಗೆ ಬೇರು ಸಿಕ್ಕಿದ್ದು ಇಲ್ಲಿ.

ಆ ತಲೆ ಎತ್ತಿಸಿದವರಲ್ಲಿ ಒಬ್ಬ ಬೆಂಗಳೂರಿನವ, ಅಹ್ಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದ ಈತ 1949ರಿಂದ ಸುಮಾರು ಹತ್ತು ವರ್ಷ ಈಸ್ಟ್ ಬೆಂಗಾಲ್‌ಗೆ ಆಡಿದ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್: ಈ ಐವರ ಮುಂಪಡೆಗೆ ಕಲ್ಕತ್ತಾದ ಜನ 'ಪಂಚಪಾಂಡವರು' ಎಂದು ಹೆಸರಿಟ್ಟರು. 1949, 1950, 1951, ಸತತ ಮೂರು ವರ್ಷ ಶೀಲ್ಡ್ ಅವರದೇ ಆಯಿತು. ಬಂಗಾಳಿ ನಿರಾಶ್ರಿತರ ಮಾನ ಕಾಪಾಡಿದವರಲ್ಲಿ ಹೆಚ್ಚಿನವರು ದಕ್ಷಿಣದವರು ಎಂಬುದನ್ನು ಯಾರೂ ಮರೆಯಬಾರದು.

ಎದುರು ಪಾಳಯದಲ್ಲೂ ಬೆಂಗಳೂರು ಇತ್ತು. ಅರುಮೈನಾಯಗಂ ಅಲ್ಲಿನ ಹುಡುಗನೇ. 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನ ಚಿನ್ನ ಗೆದ್ದ ತಂಡದಲ್ಲಿದ್ದವ. ಅರವತ್ತರ ದಶಕದಲ್ಲಿ ಮೋಹನ್ ಬಗಾನ್‌ನ ಕಣ್ಮಣಿ. ಒಂದೇ ಊರಿನಿಂದ ಹೋದವರು ಎರಡು ಗ್ಯಾಲರಿಗಳಿಗೆ ದೇವರಾದರು.

ಐದು ಗೋಲಿನ ಏಟು

ಎಪ್ಪತ್ತರ ದಶಕಕ್ಕೆ ಜಿದ್ದು ಕುದಿಯತೊಡಗಿತು. ಈಸ್ಟ್ ಬೆಂಗಾಲ್ 1970ರಿಂದ 1975ರವರೆಗೆ ಸತತ ಆರು ವರ್ಷ ಕಲ್ಕತ್ತಾ ಲೀಗ್ ಗೆದ್ದಿತು. 1975ರ ಸೆಪ್ಟೆಂಬರ್ 30ರಂದು ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಗಾನ್‌ಗೆ ಐದು ಗೋಲು ಬಡಿಯಿತು. ಮೋಹನ್ ಬಗಾನ್ ಲೆಕ್ಕ ಸೊನ್ನೆ. ಆ ರಾತ್ರಿ ಮೋಹನ್ ಬಗಾನ್‌ನ ಒಬ್ಬ ಯುವ ಅಭಿಮಾನಿ ಪ್ರಾಣ ಕಳೆದುಕೊಂಡ. ಮುಂದಿನ ಜನ್ಮದಲ್ಲಿ ಆಟಗಾರನಾಗಿ ಬಂದು ಸೇಡು ತೀರಿಸುತ್ತೇನೆ ಎಂಬರ್ಥದ ಚೀಟಿ ಬರೆದಿಟ್ಟಿದ್ದ.

ಇನ್ನೊಂದು ಸಂಗತಿ ನೋಡಿ. ಆ ಐದರಲ್ಲಿ ಎರಡು ಗೋಲು ಹೊಡೆದವನು ಶ್ಯಾಮ್ ಥಾಪಾ. ಎರಡು ವರ್ಷ ಕಳೆಯುವುದರೊಳಗೆ, 1977ರಲ್ಲಿ, ಅದೇ ಥಾಪಾ ಮೋಹನ್ ಬಗಾನ್ ಸೇರಿದ. 1978ರಲ್ಲಿ ಬೆನ್ನು ಹಿಂದಕ್ಕೆ ಮಾಡಿ ಗಾಳಿಯಲ್ಲಿ ತೇಲಿ ಹೊಡೆದ ಒದೆತದಿಂದ ತನ್ನ ಹಳೇ ಕ್ಲಬ್ಬಿನ ವಿರುದ್ಧವೇ ಗೋಲು ಹಾಕಿದ. ತಪ್ಪೇನಿಲ್ಲ, ಅದು ಅವನ ವೃತ್ತಿ. ಆಟಗಾರ ಅಂಗಿ ಬದಲಿಸಬಹುದು. ಗ್ಯಾಲರಿಯವನು ಮಾತ್ರ ಬದಲಿಸಲಾರ. ಪ್ರಾಣ ಕೊಟ್ಟ ಆ ಹುಡುಗನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಹದಿನಾರು ಜನ

1980ರ ಆಗಸ್ಟ್ 16. ಈಡನ್ ಗಾರ್ಡನ್ಸ್‌ನಲ್ಲಿ ಲೀಗ್ ಪಂದ್ಯ. ಮೈದಾನದಲ್ಲಿ ಒರಟಾಟ ಶುರುವಾಯಿತು. ಎರಡು ತಂಡದ ಒಬ್ಬೊಬ್ಬರನ್ನು ರೆಫರಿ ಹೊರಗೆ ಕಳಿಸಿದ. ಅಷ್ಟೊತ್ತಿಗೆ ಗ್ಯಾಲರಿಗೆ ಬೆಂಕಿ ತಾಗಿತ್ತು. ಎರಡೂ ಕಡೆಯ ಅಭಿಮಾನಿಗಳು ಒಂದೇ ಸ್ಟ್ಯಾಂಡಿನಲ್ಲಿ ಕಲೆತು ಕೂತಿದ್ದರು. ಕಲ್ಲು ಹಾರಿದವು, ಜನ ಓಡಿದರು, ದಾರಿ ಸಾಲಲಿಲ್ಲ. ಕಾಲ್ತುಳಿತದಲ್ಲಿ 16 ಜನ ಸತ್ತರು. ಆಟ ನೋಡಲು ಹೋದವರು ಮನೆಗೆ ಹೆಣವಾಗಿ ಬಂದರು.

ಸತ್ತವರಲ್ಲಿ ಯಾರು ಘೋಟಿ, ಯಾರು ಬಾಂಗಾಲ್ ಎಂದು ಆಮೇಲೆ ಯಾರೂ ಲೆಕ್ಕ ಹಾಕಲಿಲ್ಲ. ಪ್ರತಿ ವರ್ಷ ಆಗಸ್ಟ್ 16ರಂದು ಕಲ್ಕತ್ತಾದಲ್ಲಿ 'ಫುಟ್ಬಾಲ್ ಪ್ರೇಮಿಗಳ ದಿನ' ಎಂದು ರಕ್ತದಾನ ನಡೆಯುತ್ತದೆ. ಜಿದ್ದಿನಲ್ಲಿ ಹರಿದ ರಕ್ತಕ್ಕೆ ಊರು ಕಂಡುಕೊಂಡ ಪ್ರಾಯಶ್ಚಿತ್ತ ಅದು.

ಇದನ್ನು ಹಳೇ ಕಥೆ ಎಂದು ತಳ್ಳಿಹಾಕುವ ಹಾಗಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ ಕಾಲ್ತುಳಿತಕ್ಕೆ ಬಲಿಯಾದರು. ಅಲ್ಲಿ ಎದುರಾಳಿಯೇ ಇರಲಿಲ್ಲ, ಕಪ್ ಗೆದ್ದ ಸಂಭ್ರಮವಿತ್ತು. ಅಂದಮೇಲೆ ಕೊಲ್ಲುವುದು ಜಿದ್ದಲ್ಲ. ಎಷ್ಟು ಜನ ಬರುತ್ತಾರೆ, ಯಾವ ಗೇಟಿನಿಂದ ಒಳಗೆ ಬಿಡಬೇಕು, ಹೇಗೆ ಹೊರಗೆ ಕಳಿಸಬೇಕು ಎಂದು ಲೆಕ್ಕ ಹಾಕದೆ ಜನ ಸೇರಿಸುವುದು ಕೊಲ್ಲುತ್ತದೆ. 1997ರ ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಇದೇ ಎರಡು ಕ್ಲಬ್ಬುಗಳ 1 ಲಕ್ಷ 31 ಸಾವಿರ ಜನ ಸೇರಿದ್ದರು. ಭೈಚುಂಗ್ ಭುಟಿಯಾ ಮೂರು ಗೋಲು ಹೊಡೆದು ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು. ಎಂಬತ್ತರ ಸಾವು ಅಂದು ಮರುಕಳಿಸಲಿಲ್ಲ.

ಬೆಂಗಳೂರಿನ ದುಡ್ಡು

ಇನ್ನು ವ್ಯಾಪಾರದ ಮಾತು. 1998ರಲ್ಲಿ ಬೆಂಗಳೂರಿನ ಯುಬಿ ಕಂಪನಿ ಎರಡೂ ಕ್ಲಬ್ಬುಗಳಲ್ಲಿ ಪಾಲು ಕೊಂಡಿತು. ಒಂದು ತಂಡ ಮ್ಯಾಕ್‌ಡೊವೆಲ್ ಮೋಹನ್ ಬಗಾನ್ ಆಯಿತು, ಇನ್ನೊಂದು ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್. ಎರಡು ಅಂಗಡಿಗೂ ಒಬ್ಬನೇ ಸಾಹುಕಾರ! ಪೇಟೆಬೀದಿಯಲ್ಲಿ ಎದುರುಬದುರು ಅಂಗಡಿ ಇಟ್ಟವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಯಾರು ಗೆದ್ದರೂ ಮಾಲು ಅವನದೇ. ಹಾಗೆಂದು ಗ್ಯಾಲರಿಯ ಜಿದ್ದು ಒಂದು ಚಟಾಕಾದರೂ ಕಡಿಮೆ ಆಯಿತೇ? ಇಲ್ಲ.

2018ರಲ್ಲಿ ಬೆಂಗಳೂರಿನದೇ ಕ್ವೆಸ್ ಕಂಪನಿ ಈಸ್ಟ್ ಬೆಂಗಾಲ್‌ನಲ್ಲಿ ಶೇಕಡಾ 70 ಪಾಲು ತೆಗೆದುಕೊಂಡಿತು. 2020ಕ್ಕೆ ಸಂಬಂಧ ಮುರಿಯಿತು. ಅದೇ ವರ್ಷ ಗೋಯೆಂಕಾ ಸಮೂಹ ಮೋಹನ್ ಬಗಾನ್‌ನ ಶೇಕಡಾ 80 ಪಾಲು ಪಡೆದು, ತನ್ನ ಇನ್ನೊಂದು ತಂಡದ ಹೆಸರಾದ ಎಟಿಕೆಯನ್ನು ಮುಂದೆ ಅಂಟಿಸಿತು. ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಹೆಸರು ತೆಗೆಯಿರಿ ಅಂತ ಮೂರು ವರ್ಷ ಬ್ಯಾನರ್ ಹಿಡಿದರು, ಬೀದಿಗಿಳಿದರು. 2023ರ ಮಾರ್ಚ್‌ನಲ್ಲಿ ತಂಡ ಬೆಂಗಳೂರು ಎಫ್‌ಸಿಯನ್ನು ಸೋಲಿಸಿ ಐಎಸ್‌ಎಲ್ ಕಪ್ ಗೆದ್ದ ರಾತ್ರಿಯೇ ಮಾಲೀಕರು ಎಟಿಕೆ ಕೈಬಿಡುವುದಾಗಿ ಸಾರಿದರು. ಕೋಟಿಗಟ್ಟಲೆ ಸುರಿದವರು ಗ್ಯಾಲರಿಯ ಮುಂದೆ ಬಗ್ಗಬೇಕಾಯಿತು.

2025ರಲ್ಲಿ ಇನ್ನೊಂದು ಪಾಠ. ದೇಶದ ಫುಟ್ಬಾಲ್ ಫೆಡರೇಷನ್ನಿಗೂ ಐಎಸ್‌ಎಲ್ ನಡೆಸುವ ಕಂಪನಿಗೂ ಇದ್ದ ಕರಾರು ಮುಗಿಯಲು ಬಂದು, ಲೀಗ್ ಸಕಾಲಕ್ಕೆ ಆರಂಭವಾಗಲೇ ಇಲ್ಲ. ಆದರೂ ಆ ಆಗಸ್ಟ್ 17ರಂದು ಡ್ಯುರಾಂಡ್ ಕಪ್‌ನಲ್ಲಿ ಇಬ್ಬರೂ ಸೆಣಸಿದರು, ಈಸ್ಟ್ ಬೆಂಗಾಲ್ 2–1ರಿಂದ ಗೆದ್ದಿತು. ಕರಾರು ನಿಂತಿತು, ಜಿದ್ದು ನಿಲ್ಲಲಿಲ್ಲ.

ಒಂದೇ ದನಿ

ಈ ಜಿದ್ದು ಯಾವ ಮಟ್ಟದ್ದು ಎಂಬುದಕ್ಕೆ ಇತ್ತೀಚಿನ ಎರಡು ಘಟನೆ ಸಾಕು.

2020ರ ಜನವರಿ 19. ಪೌರತ್ವದ ಗಲಾಟೆ ದೇಶವೆಲ್ಲ ಎದ್ದಿದ್ದ ಸಮಯ. ಈಸ್ಟ್ ಬೆಂಗಾಲ್ ಗ್ಯಾಲರಿಯಲ್ಲಿ ಒಂದು ಬ್ಯಾನರ್ ಬಿಚ್ಚಿತು. ಈ ನೆಲವನ್ನು ನಾವು ಪಡೆದದ್ದು ರಕ್ತ ಕೊಟ್ಟು, ಕಾಗದ ತೋರಿಸಿ ಅಲ್ಲ ಎಂಬುದು ಅದರ ತಾತ್ಪರ್ಯ. ಅಜ್ಜ ಗುಡಿಸಲು ಹಾಕಿದ ನೆನಪು ಮೊಮ್ಮಗನಿಗೆ ಇನ್ನೂ ಇದೆ ಎಂದಾಯಿತು.

ಇನ್ನೊಂದು 2024ರ ಆಗಸ್ಟ್‌ನದು. ಆರ್‌ಜಿ ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದು ಊರು ಕೊತಕೊತ ಕುದಿಯುತ್ತಿತ್ತು. ಆಗಸ್ಟ್ 18ರಂದು ಡ್ಯುರಾಂಡ್ ಕಪ್‌ನಲ್ಲಿ ಎರಡು ಕ್ಲಬ್ಬುಗಳ ಪಂದ್ಯ ಇತ್ತು. ಬಂದೋಬಸ್ತಿಗೆ ಸಾಕಷ್ಟು ಪೊಲೀಸರಿಲ್ಲ ಎಂದು ಪಂದ್ಯ ರದ್ದಾಯಿತು. ಆಟ ನಿಂತರೆ ಜನ ಮನೆಯಲ್ಲಿರುತ್ತಾರೆ ಎಂದು ಲೆಕ್ಕ ಹಾಕಿದವರ ಲೆಕ್ಕ ತಪ್ಪಿತು. ಅದೇ ಸಂಜೆ ಈಸ್ಟ್ ಬೆಂಗಾಲ್, ಮೋಹನ್ ಬಗಾನ್, ಜೊತೆಗೆ ಮೊಹಮ್ಮಡನ್ ಸ್ಪೋರ್ಟಿಂಗ್ ಅಭಿಮಾನಿಗಳೂ ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತು ನ್ಯಾಯ ಬೇಕು ಎಂದು ಕೂಗಿದರು. ಒಬ್ಬನ ಹೆಗಲ ಮೇಲೆ ಎದುರು ಕ್ಲಬ್ಬಿನ ಅಂಗಿ ತೊಟ್ಟವನು ಕೂತಿದ್ದ. ಪೊಲೀಸರು ಲಾಠಿ ಬೀಸಿದಾಗ ಅಂಗಿಯ ಬಣ್ಣ ನೋಡಿ ಬೀಸಲಿಲ್ಲ.

ಕಲ್ಲು ಎತ್ತಿಕೊಂಡ ಜನವೇ ನಲವತ್ನಾಲ್ಕು ವರ್ಷದ ನಂತರ ಕೈ ಹಿಡಿದು ನಿಂತರು. ಹೇಗೆ ಸಾಧ್ಯವಾಯಿತು? ನೂರು ವರ್ಷ ಜಗಳವಾಡಿದವರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಚೆನ್ನಾಗಿ ಇರುತ್ತದೆ. ಒಂದೇ ಟ್ರಾಮಿನಲ್ಲಿ ಬರುತ್ತಾರೆ, ಒಂದೇ ಕಚೇರಿಯಲ್ಲಿ ದುಡಿಯುತ್ತಾರೆ, ಈಗಂತೂ ಘೋಟಿ–ಬಾಂಗಾಲ್ ನಡುವೆ ಮದುವೆಗಳೂ ಮಾಮೂಲು. ವೈರಿ ಇಲ್ಲದಿದ್ದರೆ ತಮ್ಮ ಆಟಕ್ಕೆ ರುಚಿಯಿಲ್ಲ ಎಂಬುದು ಇಬ್ಬರಿಗೂ ಗೊತ್ತು.

ನಮ್ಮ ಜಿಲ್ಲೆಗಳಲ್ಲೂ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳಿಗೆ ಬರ ಇಲ್ಲ. ಕೇರಿಗೆ ಕೇರಿ, ಊರಿಗೆ ಊರು ಜಿದ್ದು ಇದ್ದೇ ಇದೆ. ಅದನ್ನು ಹತ್ತಿಕ್ಕಬೇಕಾಗಿಲ್ಲ, ಹತ್ತಿಕ್ಕಲು ಆಗುವುದೂ ಇಲ್ಲ. ಪಂದ್ಯ ನಡೆಸುವವರು ಕಪ್ಪು, ಶಾಲು, ಹಾರಗಳಿಗೆ ಖರ್ಚು ಮಾಡುವ ಮೊದಲು ಬರುವ ಜನರ ಲೆಕ್ಕ ಹಾಕಲಿ. ಎರಡು ಕಡೆಯವರಿಗೆ ಬೇರೆ ಬೇರೆ ದಾರಿ ಬಿಡಲಿ, ಹೊರಹೋಗುವ ಗೇಟು ಅಗಲ ಮಾಡಲಿ, ಒಂದು ಆಂಬುಲೆನ್ಸ್ ನಿಲ್ಲಿಸಲಿ. ದುಡ್ಡು ಹಾಕಿದ ಮುಖಂಡರು ತಂಡ ತಮ್ಮ ಜೇಬಿನಲ್ಲಿದೆ ಎಂದು ಬೀಗುವ ಮೊದಲು ಕಲ್ಕತ್ತಾದ ಕಡೆ ಒಮ್ಮೆ ನೋಡಲಿ. ಸಾಹುಕಾರರು ಬಂದರು, ಹೋದರು. ಮಳೆಯಲ್ಲಿ ನೆನೆದು, ಸಾಲದಲ್ಲಿ ಟಿಕೆಟ್ ಕೊಂಡು, ಸೋತ ದಿನ ಊಟ ಬಿಟ್ಟವನು ಮಾತ್ರ ಇನ್ನೂ ಅದೇ ಗ್ಯಾಲರಿಯಲ್ಲಿ ಕೂತಿದ್ದಾನೆ. ಕ್ಲಬ್ ಯಾರದೆಂದು ಕಾಗದ ಹೇಳಬಹುದು. ಜಿದ್ದು ಅವನದು.